ಅಂತಿಮ ತಾರೀಖು: ಕಲ್

ಬೇಲಾಪುರದ ಸಣ್ಣ ಅಂಗಡಿ ತಗಾದೆ ನ್ಯಾಯಮಂಡಳಿಯಲ್ಲಿ ಎರಡು ಸಾವಿರದ ಹದಿನಾಲ್ಕನೇ ಇಸವಿಯಿಂದ ಕಾಗದದ ಬಳಕೆಯನ್ನು ಸಂಪೂರ್ಣವಾಗಿ ನಿಲ್ಲಿಸಲಾಗಿದೆ. ಈ ಸಂಗತಿಯನ್ನು ಸಾರ್ವಜನಿಕರ ಗಮನಕ್ಕೆ ತರುವ ಕಾಗದವನ್ನು ಕಚೇರಿಯ ಪ್ರತಿ ಗೋಡೆಗೂ, ಲಿಫ್ಟಿನ ಒಳಕ್ಕೂ, ಪಾಯಖಾನೆಯ ಬಾಗಿಲಿಗೂ ಅಂಟಿಸಲಾಗಿದೆ. ಇನ್ನು ಮುಂದೆ ದಾವೆ, ಜವಾಬು, ತಕರಾರು ಎಲ್ಲವನ್ನೂ ಕಂಪ್ಯೂಟರಿನ ಮೂಲಕವೇ ಸಲ್ಲಿಸತಕ್ಕದ್ದು. ಕಂಪ್ಯೂಟರಿಗೆ ಕಾಲಿಲ್ಲದ ಕಾರಣ ಅದರ ಕಾಲು ಹಿಡಿಯಲು ಯಾರಿಗೂ ಸಾಧ್ಯವಿಲ್ಲ, ಇದರಿಂದ ಪಾರದರ್ಶಕತೆ ಹೆಚ್ಚಿದೆ ಎಂದೂ ಅದರಲ್ಲಿ ತಿಳಿಸಲಾಗಿದೆ.

ಅಂಕೆಯಲ್ಲಿ ಬರೆದ ತಾರೀಖು ಜನರನ್ನು ಗೊಂದಲಕ್ಕೆ ಈಡುಮಾಡುತ್ತದೆ ಎಂದು ಒಂದು ಸಮಿತಿ ಕಂಡುಕೊಂಡಿತ್ತು. ಆದ್ದರಿಂದ ಗಡುವನ್ನು ಆಡುಮಾತಿನಲ್ಲಿ ತಿಳಿಸಬೇಕೆಂದು ನಿಯಮವಾಯಿತು. ಆಡುಮಾತು ಎಂದರೆ ಹಿಂದಿ ಎಂದು ಅದೇ ಸಮಿತಿ ಊಟದ ನಂತರ ತೀರ್ಮಾನಿಸಿತು.

ಠಾಣೆ ಶಹರದ ನೌಪಾಡಾದಲ್ಲಿ ಉಡುಪಿ ಕಡೆಯ ಮುರಾರಿಯವರದ್ದೊಂದು ಸಸ್ಯಾಹಾರಿ ಹೋಟೆಲಿದೆ. ದುಡ್ಡಿನ ಗಲ್ಲೆಯಲ್ಲಿ ಮುರಾರಿ, ಅಡುಗೆಮನೆಯಲ್ಲಿ ಅವರ ಹೆಂಡತಿ ಸತ್ಯಭಾಮಾ, ಮೇಲಿನ ಅಟ್ಟದಲ್ಲಿ ಸಂಸಾರ. ಗೋಡೆ ಪಕ್ಕದ ಮೇಜಿಗೆ ನಾನು ಕಾಯಂ ಗಿರಾಕಿ. ಜಾಗದ ಮಾಲೀಕರಾದ ಠಕ್ಕರ್ ಸೇಠರಿಗೆ ಅಲ್ಲೊಂದು ಟವರ್ ಕಟ್ಟುವ ಮನಸ್ಸಾಗಿ, ಮುರಾರಿಯನ್ನು ಎಬ್ಬಿಸಿಕೊಡಿ ಎಂದು ಅವರು ನ್ಯಾಯಮಂಡಳಿಗೆ ಅರ್ಜಿ ಹಾಕಿದ್ದರು. ಮುರಾರಿ ಗಡುವಿನೊಳಗೆ ಜವಾಬು ಸಲ್ಲಿಸದಿದ್ದರೆ ಹೋಟೆಲಿಗೆ ಸೀಲ್. ಹೋಟೆಲಿಗೆ ಸೀಲ್ ಎಂದರೆ ಅಟ್ಟಕ್ಕೂ ಸೀಲ್, ಅಂದರೆ ಇವರು ಬೀದಿಗೆ.

ಒಂದು ಸಂಜೆ ಮುರಾರಿಯವರ ಮೊಬೈಲಿಗೆ ಸಂದೇಶ ಬಂತು: 'ಜವಾಬ್ ದಾಖಿಲ್ ಕರ್‌ನೇ ಕೀ ಅಂತಿಮ್ ತಾರೀಖ್: ಕಲ್.'

ಸತ್ಯಭಾಮಾ ಆಗ ಮರುದಿನದ ಇಡ್ಲಿಗೆ ಉದ್ದು ಅಳೆಯುತ್ತಿದ್ದರು. ಸೇರನ್ನು ಕೈಯಲ್ಲಿ ಹಿಡಿದೇ ಕೇಳಿದರು: "ಕೋಡೆನಾ, ಎಲ್ಲೆನಾ?"

ತುಳುವಿನಲ್ಲಿ ಕೋಡೆ ಎಂದರೆ ನಿನ್ನೆ, ಎಲ್ಲೆ ಎಂದರೆ ನಾಳೆ. ಆ ಎರಡು ಶಬ್ದಗಳು ಇದುವರೆಗೆ ಒಂದರ ಮನೆಯನ್ನು ಇನ್ನೊಂದು ಹೊಕ್ಕಿದ್ದಿಲ್ಲ. ಹಿಂದಿಯ ಕಲ್ ಮಾತ್ರ ನಿನ್ನೆಯೂ ಹೌದು, ನಾಳೆಯೂ ಹೌದು. ಮುರಾರಿ ಕಾಲೇಜಿಗೆ ಹೋಗುವ ಮಗಳು ಶ್ರೀಪ್ರಿಯಾಳನ್ನು ಕರೆದು ಕೇಳಿದರು. ಅವಳು ಠಾಣೆಯಲ್ಲೇ ಹುಟ್ಟಿದವಳು.

"ಪಪ್ಪಾ, ಕಲ್ ಮತ್ಲಬ್ ಕಲ್," ಎಂದು ಅವಳು ಮೇಲೆ ಹೋದಳು.

"ನಾಳೆಗೆ ಉದ್ದು ನೆನೆಹಾಕುದಾ ಬೇಡ್ವಾ ಮಾರಾಯ್ರೆ? ಅಷ್ಟು ಹೇಳಿ ಸಾಕು," ಅಂದರು ಸತ್ಯಭಾಮಾ. ಅವರಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ಉದ್ದನ್ನು ನೆನೆಹಾಕಿದರು, ಆಮೇಲೆ ಅಟ್ಟಕ್ಕೆ ಹೋಗಿ ಪಾತ್ರೆ, ಬಟ್ಟೆ, ದೇವರ ಫೋಟೊ ಎಲ್ಲ ಸೇರಿಸಿ ಒಂದು ಹಳೆಯ ಸೀರೆಯಲ್ಲಿ ಗಂಟು ಕಟ್ಟಿಟ್ಟರು.

ಡೊಂಬಿವಲಿಯ ವಕೀಲ ಮಧ್ವರಾಜರು ನಮ್ಮ ಊರಿನ ಕಡೆಯವರೇ. ಸಂದೇಶ ನೋಡಿ ನಕ್ಕರು. "ಮುರಾರಿಯಣ್ಣ, ಸುಮ್ಮನೆ ಟೆನ್ಶನ್ ತಗೊಳ್ತೀರಿ ನೀವು. ಗಡುವು ಅಂದ್ರೆ ಮುಂದೆ ಇರುದು. ಕಲ್ ಅಂದ್ರೆ ನಾಳೆ. ನಾಳೆ ಹಾಕುವ."

ಮರುದಿನ ಬೆಳಿಗ್ಗೆ ಅದೇ ಸಂದೇಶ ಇನ್ನೊಮ್ಮೆ ಬಂತು. "ನೋಡಿದ್ರಾ, ಇವತ್ತು ಸಹ ಕಲ್ ಅಂತಲೇ ಉಂಟು. ಒಂದು ದಿನ ಸಿಕ್ಕಿತಲ್ಲ? ನಾಳೆ ಹಾಕುವ," ಅಂದರು ವಕೀಲರು. ಹೀಗೆ ದಿನಗಳು ಉರುಳಿದವು. ಸಿಕ್ಕಿದ ಪ್ರತಿಯೊಂದು ದಿನವೂ ತಾವು ಹೋರಾಡಿ ತಂದ ಮುಂದೂಡಿಕೆ ಎಂದು ವಕೀಲರು ತಮ್ಮ ಫೀಸಿಗೆ ಸೇರಿಸುತ್ತ ಹೋದರು. ಅದು ವೃತ್ತಿಧರ್ಮ.

ಕೊನೆಗೆ ಸತ್ಯಭಾಮಾ ಸೆರಗು ಸಿಕ್ಕಿಸಿ, "ನೀವು ಬರ್ತೀರಾ, ನಾನೊಬ್ಬಳೇ ಹೋಗ್ಲಾ?" ಎಂದು ಗಂಡನನ್ನು ಕೇಳಿದರು. ಠಾಣೆಯಿಂದ ಪನ್ವೇಲ್ ಗಾಡಿ ಹತ್ತಿ ಇಬ್ಬರೂ ಬೇಲಾಪುರಕ್ಕೆ ಹೊರಟರು. ಇಡ್ಲಿಯ ಋಣಕ್ಕೆ ನಾನೂ ಜೊತೆಗೆ ಹೋದೆ.

ಅಪ್‌ಲೋಡ್ ವಿಭಾಗದ ಮುಖ್ಯಸ್ಥರು ಟೆಂಬೆ ಸಾಹೇಬರು. ಅವರೆದುರು ಒಂದು ಕಂಪ್ಯೂಟರು, ಕಂಪ್ಯೂಟರಿನ ಮೇಲೆ ಮನೆಯಲ್ಲಿ ಕಸೂತಿ ಹಾಕಿದ ಹೊದಿಕೆ. ಹೊದಿಕೆಯನ್ನು ತೆಗೆಯದೆಯೇ ಅವರು ಹೇಳಿದರು: "ಉಶೀರ್ ಝಾಲಾ. ತಡವಾಯಿತು. ನಿಮ್ಮ ತಾರೀಖು ಕಲ್ ಇತ್ತು."

"ಇವತ್ತು ಬೆಳಿಗ್ಗೆ ಸಹ ಕಲ್ ಅಂತ ಬಂದಿದೆ ಸಾಹೇಬ್," ಎಂದು ಮುರಾರಿ ಫೋನು ತೋರಿಸಿದರು.

"ಹಾಗಾದರೆ ನಿನ್ನೆ."

"ನಿನ್ನೆಯೂ ಕಲ್ ಅಂತಲೇ ಬಂದಿತ್ತು."

"ಹಾಗಾದರೆ ಮೊನ್ನೆ. ನೀವು ದಿನಾ ತಡ ಮಾಡುತ್ತಿದ್ದೀರಿ. ಇದು ಒಳ್ಳೆಯ ಅಭ್ಯಾಸವಲ್ಲ."

"ನಾಳೆ ಬಂದ್ರೆ?" ಸತ್ಯಭಾಮಾ ಕೇಳಿದರು.

"ಅಷ್ಟರಲ್ಲಿ ಇವತ್ತು ಕಲ್ ಆಗಿಬಿಟ್ಟಿರುತ್ತದೆ."

"ಹಾಗಾದ್ರೆ ಇವತ್ತೇ ತಗೊಳ್ಳಿ."

"ಇವತ್ತು ಇನ್ನೂ ಕಲ್ ಆಗಿಲ್ಲವಲ್ಲ ಬಾಯೀ," ಎಂದರು ಟೆಂಬೆ, ಬಹಳ ಕನಿಕರದಿಂದ. ಅವರು ಕೆಟ್ಟ ಮನುಷ್ಯರಲ್ಲ. ಮರಾಠಿಯಲ್ಲಿ 'ಕಾಲ್' ಎಂದರೆ ನಿನ್ನೆ ಮಾತ್ರ, ನಾಳೆಗೆ 'ಉದ್ಯಾ' ಎಂದು ಬೇರೆಯೇ ಶಬ್ದವಿದೆ, ಸಂದೇಶದಲ್ಲಿ ಉದ್ಯಾ ಎಂದಿದ್ದರೆ ತಾವೇ ಹೊದಿಕೆ ತೆಗೆದು ಜವಾಬನ್ನು ಹಾಕಿಕೊಡುತ್ತಿದ್ದೆವು ಎಂದು ವಿವರಿಸಿದರು. ಗೊಂದಲದ ಬಗ್ಗೆ ದೂರು ಸಲ್ಲಿಸಲು ಮಾತ್ರ ಗಡುವು ಇರಲಿಲ್ಲ. ಸತ್ಯಭಾಮಾ ಅದನ್ನು ಅಲ್ಲೇ ನಿಂತು ಸಲ್ಲಿಸಿದರು.

ದೂರಿಗೆ ಇಷ್ಟು ಬೇಗ ಉತ್ತರ ಬಂದದ್ದನ್ನು ನಾನು ಬೇರೆ ಯಾವ ಕಚೇರಿಯಲ್ಲೂ ಕಂಡಿಲ್ಲ. ಅದೇ ವಾರ ಎಲ್ಲ ಕಕ್ಷಿದಾರರಿಗೂ ಸುತ್ತೋಲೆ ಹೊರಟಿತು: 'ಸ್ಪಷ್ಟೀಕರಣ. ಕಲ್ ಎಂಬ ಪದವನ್ನು ಜನರು ಓದುವಾಗ ನಿನ್ನೆ ಎಂತಲೂ, ಕಚೇರಿಯು ಓದುವಾಗ ನಾಳೆ ಎಂತಲೂ ಅರ್ಥೈಸತಕ್ಕದ್ದು. ಯಾವುದೇ ಸಂದರ್ಭದಲ್ಲಿ ಇಂದು ಎಂದು ಅರ್ಥೈಸತಕ್ಕದ್ದಲ್ಲ.'

ಸುತ್ತೋಲೆಯ ಬೆನ್ನಿಗೇ ಆದೇಶವೂ ಬಂತು: 'ಜವಾಬ್ ನಹೀಂ ಆಯಾ. ಹೋಟೆಲ್ ಸೀಲ್: ಕಲ್.'

ಸೀಲ್ ಹಾಕುವ ತಂಡ, ಅವರ ಮಾತಿನಲ್ಲಿ ಪಥಕ, ನೌಪಾಡಾಕ್ಕೆ ಬಂದಾಗ ಬೆಳಗಿನ ಗಿರಾಕಿಗಳ ಹೊತ್ತು. ಟೆಂಬೆ ಸಾಹೇಬರೇ ಮುಂದಾಳು. ಹಿಂದೆ ಅರಗು, ದಾರ, ಮೇಣದಬತ್ತಿ ಹಿಡಿದ ಮೂವರು. ಮುರಾರಿ ಗಲ್ಲೆಯಿಂದಲೇ ಅಡುಗೆಮನೆಯ ಕಡೆಗೆ ಕೂಗಿದರು. ಸತ್ಯಭಾಮಾ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಹೊರಗೆ ಬಂದರು.

"ಸಾಹೇಬ್ರೇ, ಆದೇಶ ಓದಿ."

ಟೆಂಬೆ ಓದಿದರು.

"ಕಲ್ ಅಂತ ಉಂಟಲ್ಲ? ನಾವು ಓದಿದ್ರೆ ನಿನ್ನೆಯೇ ಸೀಲ್ ಆಗಿ ಹೋಯ್ತು. ನೀವು ಓದಿದ್ರೆ ನಾಳೆ ಆಗ್ಬೇಕು. ಇವತ್ತಿಗೆ ಎಂತದೂ ಇಲ್ಲ. ಇವತ್ತು ಅಂತ ಓದ್ಲಿಕ್ಕೇ ಇಲ್ಲ, ನೀವೇ ಬರೆದದ್ದು."

ಟೆಂಬೆ ಸಾಹೇಬರ ಕಣ್ಣು ಮಂಜಾಯಿತು. ಇಷ್ಟು ವರ್ಷದ ನೌಕರಿಯಲ್ಲಿ ಸುತ್ತೋಲೆಯನ್ನು ಪೂರ್ತಿ ಓದಿದ ಮೊದಲ ನಾಗರಿಕರು ಇವರೇ ಎಂದು ಪಥಕಕ್ಕೆ ತಿಳಿಸಿದರು. ಬಂದದ್ದು ವ್ಯರ್ಥವಾಗಬಾರದೆಂದು ನಾಲ್ವರೂ ಕುಳಿತು ಇಡ್ಲಿ ತಿಂದರು, ಎರಡೆರಡು ಬಾರಿ ಚಟ್ನಿ ಹಾಕಿಸಿಕೊಂಡರು.

ಅಷ್ಟರಲ್ಲಿ ಠಕ್ಕರ್ ಸೇಠರು ಬಂದರು. ಸೀಲ್ ಆಗಬೇಕಾದ ಹೋಟೆಲಿನಿಂದ ಹಬೆ ಬರುವುದನ್ನು ಕಂಡು ಅವರ ಮುಖ ಕೆಂಪೇರಿತು.

"ಸೇಠ್, ನೀವು ಜನರೋ, ಕಚೇರಿಯೋ?" ಎಂದು ಟೆಂಬೆ ಕೇಳಿದರು.

"ಜನ."

"ಹಾಗಾದರೆ ನಿನ್ನೆಯೇ ಸೀಲ್ ಆಗಿದೆ. ಅಭಿನಂದನೆಗಳು."

ಸೇಠರು ತಮ್ಮ ಫೋನನ್ನೂ ಬಾಗಿಲನ್ನೂ ಒಮ್ಮೆ ನೋಡಿದರು. ವ್ಯಾಪಾರಸ್ಥರು, ತಿಳುವಳಿಕೆಯುಳ್ಳವರು. ನಿನ್ನೆ ಸೀಲ್ ಆದ ಹೋಟೆಲಿನಲ್ಲಿ ಕುಳಿತು ಒಂದು ಕಾಫಿ ತರಿಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಎದುರಿನ ಕಂಬಕ್ಕೆ ಅವರ ಟವರಿನ ಬಣ್ಣದ ಬೋರ್ಡು ಬಿತ್ತು: 'ಬುಕಿಂಗ್ ಚಾಲೂ. ಫ್ಲ್ಯಾಟ್ ಸ್ವಾಧೀನ: ಕಲ್.' ವಕೀಲ ಮಧ್ವರಾಜರು ಪೂರ್ವಕ್ಕೆ ಬಾಲ್ಕನಿ ಇರುವ ಒಂದನ್ನು ಬುಕ್ ಮಾಡಿದರು.

ಅಂದಿನಿಂದ ಪಥಕ ದಿನವೂ ಬೆಳಿಗ್ಗೆ ಅರಗು, ದಾರದ ಸಮೇತ ಬರುತ್ತದೆ, ಆದೇಶ ಓದುತ್ತದೆ, ತಿಂಡಿ ತಿನ್ನುತ್ತದೆ, ಹೋಗುತ್ತದೆ. ಮೇಣದಬತ್ತಿಯನ್ನು ಮುರಾರಿ ಈಗ ಗಲ್ಲೆಯಲ್ಲೇ ಇಟ್ಟುಕೊಂಡಿದ್ದಾರೆ, ಕರೆಂಟು ಹೋದಾಗ ಬೇಕಾಗುತ್ತದೆ. ಮೊನ್ನೆ ಹೊರಡುವಾಗ ಟೆಂಬೆ ಬಾಗಿಲಲ್ಲಿ ನಿಂತು, "ಬಾಯೀ, ಕಲ್ ಸೀಲ್ ಮಾಡಲು ಇನ್ನಿಬ್ಬರು ಹೆಚ್ಚಿಗೆ ಬರುತ್ತಾರೆ, ಉದ್ದು ಸ್ವಲ್ಪ ಜಾಸ್ತಿ ನೆನೆಹಾಕಿ," ಅಂದರು. ಕೋಡೆಯೋ ಎಲ್ಲೆಯೋ ಎಂದು ಯಾರೂ ಕೇಳಲಿಲ್ಲ.

ಆ ಸಂಜೆ ಸತ್ಯಭಾಮಾ ಒಂದು ಸೇರು ಹೆಚ್ಚು ಅಳೆದು ನೀರು ಹೊಯ್ದರು. ಅಟ್ಟದ ಮೆಟ್ಟಿಲ ತುದಿಯಲ್ಲಿ ಆ ಸೀರೆಯ ಗಂಟು ಕಟ್ಟಿದ ಹಾಗೆಯೇ ಇತ್ತು. ದೇವರ ಫೋಟೊ ಇನ್ನೂ ಅದರೊಳಗೇ ಇದೆ.

"ಇನ್ನೆಂತ ಹೆದರಿಕೆ ಅಕ್ಕ? ಗಂಟು ಬಿಚ್ಚುದು ಯಾವಾಗ?" ಎಂದು ಕೇಳಿದೆ.

ಅವರು ಉದ್ದಿನ ಪಾತ್ರೆಗೆ ಮುಚ್ಚಳ ಹಾಕಿದರು.

"ಕಲ್," ಅಂದರು.