ರೈಟ್ ಅಂದ್ರಷ್ಟ ಹೊಂಡೂ ಗಾಡಿ

ನಮ್ಮನಿಯವ್ರ ಜೋಡಿ ನಾ ಹೊಸ್ತಲಾ ದಾಟಿದೆ ಅಂದ್ರ ಏನಾರ ಒಂದು ಆಗೇ ಆಗ್ತೈತಿ. ಏನೂ ಆಗಲಿಲ್ಲ ಅಂದ್ರ ನನಗ ಚಿಂತಿ ಹತ್ತತೈತಿ, ಇವ್ರಿಗೆ ಮೈಯಾಗ ಆರಾಮ ಇಲ್ಲೇನೋ ಅಂತ. ಹ್ವಾದ ಚಳಿಗಾಲದಾಗ ಧಾರವಾಡದಿಂದ ಕನ್ಯಾಕುಮಾರಿಗೆ ಮೋಟರ್ ಸೈಕಲ್ ಮ್ಯಾಲ ಹೊಂಟಾಗಂತೂ ಕೇಳಬ್ಯಾಡ್ರಿ.

ಇವ್ರು ಸರಕಾರಿ ಬಸ್ಸಿನ ಡ್ರೈವರ್. ಜನ್ಮ ಪೂರ್ತಿ ಮಂದೀನ ಊರೂರಿಗೆ ಮುಟ್ಟಿಸ್ಯಾರ, ನನ್ನ ಮಾತ್ರ ಎಲ್ಲೂ ಕರ್ಕೊಂಡು ಹೋಗಿಲ್ಲ. ನಾ ಮನ್ಯಾಗ ಕುಬಸ ಹೊಲಿಯಾಕಿ. ಮಷಿನ್ ತುಳಕೋತ ಕುಂತಾಕಿಗೆ ಒಂದ ಹುಚ್ಚು. ಕನ್ಯಾಕುಮಾರ್ಯಾಗ ಮೂರು ಸಮುದ್ರ ಕೂಡತಾವಂತ, ನೀರಿನ ಬಣ್ಣಾನೂ ಮೂರು ನಮೂನಿ ಇರ್ತೈತಂತ. ಖರೇನೋ ಸುಳ್ಳೋ ಕಣ್ಣೀಲೆ ನೋಡಬೇಕು. ಕಡೀಕ ಇವ್ರಿಗೆ ರಜಾ ಸಿಕ್ತು. ಮಗಳು ನಕ್ಕೋತ, "ಅವ್ವಾ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಮೂರೂ ಕಡೆ ನಮ್ಮ ಮಂದಿ ಅದಾರ. ನೀವು ತುಂಗಭದ್ರಾ ಹೊಳಿ ದಾಟಿ ತೋರಿಸ್ರಿ ಸಾಕು. ಸಮುದ್ರದ ಮಾತು ಆಮ್ಯಾಲ" ಅಂದ್ಲು. ಆ ಮಾತು ನನ್ನ ಎದಿಗೆ ನಟ್ತು. ಏನರ ಆಗಲಿ, ಹೊಳಿ ದಾಟೂದ ಅಂತ ಗಟ್ಟಿ ಮಾಡಿದೆ.

೧. ಸೀಟ್ ಇಲ್ಲ

ಇವ್ರು ಗಾಡಿ ಚಾಲೂ ಮಾಡಿದ್ರು, ನಾ ಹಿಂದ ಹತ್ತಿ ಕುಂತೆ. ಓಣಿ ಮಂದಿ ಕಟ್ಟಿ ಮ್ಯಾಲ ನಿಂತು ಟಾಟಾ ಮಾಡಿದ್ರು. ಗಾಡಿ ಹೊಂಡವಲ್ತು. ಓಣಿ ಮಂದಿ ಕೈ ಸೋತು ಕೆಳಗಿಳಿಸಿದ್ರು. "ಯಾಕ್ರೀ, ಏನಾತು?" ಅಂದೆ.

"ನೀ ರೈಟ್ ಅಂದಿಲ್ಲಲ್ಲ" ಅಂದ್ರು.

ಹಿಂದಿನಿಂದ ರೈಟ್ ಅನ್ನೂ ತನಕ ಹೊಂಡೂದಿಲ್ಲ, ಅಂದ ಮ್ಯಾಲ ಹೊಳ್ಳಿ ನೋಡೂದಿಲ್ಲ. ಅದು ಇವ್ರ ಬಸ್ಸಿನ ರೂಢಿ. ಓಣಿ ಮಂದಿ ಮುಂದ ನಾಚಿಕಿ ಆದ್ರೂ "ರೈಟ್ ರೈಟ್" ಅಂದೆ. ಹೊಂಟ್ರು.

ಬಂಕಾಪುರ ಕ್ರಾಸಿನ್ಯಾಗ ಒಬ್ಬ ಮುದುಕಪ್ಪ ಬಗಲಾಗ ಗಂಟು ಹಿಡಕೊಂಡು, ನಮ್ಮ ಹಿಂದ ಬರೂ ಬಸ್ಸಿಗೆ ಕೈ ಮಾಡಿದ. ಇವ್ರು ಸೀದಾ ಅವನ ಮುಂದ ಹೋಗಿ ಗಾಡಿ ನಿಲ್ಲಿಸಿಬಿಟ್ರು. ಮುದುಕಪ್ಪ ಗಾಬರ್ಯಾಗಿ, "ಹಾವೇರಿಗೆ ಹೋಗ್ತೈತೇನ್ರಿ?" ಅಂದ. ಇವ್ರೂ ಹಂಗ, "ಹೋಗ್ತೈತಿ, ಲಗೂ ಹತ್ತು" ಅಂದ್ರು.

ಮುದುಕಪ್ಪ ಗಾಡಿ ನೋಡಿದ, ನನ್ನ ನೋಡಿದ. ಹಿಂದಿನ ಬಸ್ಸು ಅಷ್ಟರಾಗ ಭರ್ರ್ ಅಂತ ಹೋಗೇಬಿಡ್ತು. ನಾನು, "ಯಜ್ಜಾ, ಸೀಟ್ ಇಲ್ಲೋ" ಅಂದೆ.

"ಇರಲಿ ಬಿಡವಾ, ನಿಂತಕೊಂಡ ಬರ್ತೀನಿ" ಅಂದ.

೨. ಯಾರೂ ಇಲ್ಲದ ಊರು

ಹಾವೇರ್ಯಾಗ ಇವ್ರ ಅಕ್ಕಾರ ಮನಿ. ಬಾಗಲದಾಗ ನಮ್ಮನ್ನ ನೋಡಿ, ಅಕ್ಕಿ ಕೇರೂ ಮರ ಅಕ್ಕಾರ ಕೈಯಾಗ ಹಂಗ ಉಳೀತು. "ಯಾರು ಹ್ವಾದ್ರು?" ಅಂದ್ರು.

"ಯಾರೂ ಹೋಗಿಲ್ಲ್ರಿ, ಎಲ್ಲಾರೂ ಆರಾಮ ಅದಾರ" ಅಂದೆ.

"ಹಂಗಾರ ಮದವಿ ಇಟಗೊಂಡೀರೇನ?"

"ಇಲ್ಲ್ರಿ. ಸುಮ್ಮನ ಬಂದೇವ್ರಿ."

ಸುಮ್ಮನ ಬಂದೇವಿ ಅಂದದ್ದ ತಪ್ಪಾತು. ನಮ್ಮ ಕಡೆ ಸುಮ್ಮನ ಯಾರೂ ಬರೂದಿಲ್ಲ. ನನ್ನ ಅಡಗಿ ಮನಿಗೆ ಕರ್ಕೊಂಡು ಹೋಗಿ, "ಖರೇ ಹೇಳು, ಅವ ಏನರ ಅಂದನೇನು?" ಅಂತ ಕೇಳಿದ್ರು. ಇವ್ರನ್ನ ಹಿತ್ತಲಕ್ಕ ಕರ್ಕೊಂಡು ಹೋಗಿ, "ಖರೇ ಹೇಳು, ಅಕಿ ಏನರ ಅಂದಳೇನು?" ಅಂತ ಕೇಳಿದ್ರು. ಇಬ್ಬರೂ ಏನೂ ಅಂದಿಲ್ಲ ಅನ್ನೂದು ಗೊತ್ತಾದ ಮ್ಯಾಲಂತೂ ಅವ್ರಿಗೆ ಭಾಳ ಸಂಶೆ ಬಂತು.

ಉಣ್ಣಿಸಿದ್ರು, ಉಳಿಸಿಕೊಂಡ್ರು. ಮರದಿನ ಹೊಂಡೂ ಮುಂದ ಉಡಿ ತುಂಬಿದ್ರು. ಅಕ್ಕಿ, ತೆಂಗಿನಕಾಯಿ, ಕುಬಸದ ಖಣ. ಉಡಿ ಅಕ್ಕಿ ಬ್ಯಾಡ ಅನಬಾರದು, ಹಾದ್ಯಾಗ ಯಾರಿಗೂ ಕೊಡಬಾರದು, ಮನಿಗೇ ಒಯ್ಯಬೇಕು. ಕನ್ಯಾಕುಮಾರಿಗೆ ಹೋಗಿ ಹೊಳ್ಳಿ ಬರೂ ತನಕ ಅದನ್ನ ಹೊತ್ಕೊಂಡ ತಿರುಗೂದು! ಗಂಟು ಕಟ್ಟಿ ನನ್ನ ಬೆನ್ನ ಹಿಂದ ಬಿಗಿದ್ರು.

ಆಮ್ಯಾಲ ಅಕ್ಕಾರು ಕಣ್ಣು ಸಣ್ಣ ಮಾಡಿ, "ಕನ್ಯಾಕುಮಾರ್ಯಾಗ ನಮ್ಮವರು ಯಾರದಾರ?" ಅಂದ್ರು.

"ಯಾರೂ ಇಲ್ಲ್ರಿ."

"ಯಾರೂ ಇಲ್ಲ? ಮತ್ತ ನೀವು ಸಮುದ್ರ ನೋಡಿ ಬಂದ್ರಿ ಅಂತ ಊರಾಗ ಯಾರು ಹೇಳಬೇಕು?"

೩. ಜೋಡಿ ಸೀನು

ಬ್ಯಾಡಗ್ಯಾಗ ನನ್ನ ಸೋದರಮಾವಂದು ಮೆಣಸಿನಕಾಯಿ ದಲಾಲಿ ಅಂಗಡಿ. ಸೀಜನ್ ಜೋರಿತ್ತು. ಮಾರ್ಕೆಟ್ ತುಂಬ ಕೆಂಪು ರಾಶಿ, ಗಾಳ್ಯಾಗೂ ಖಾರ. ಅಂಗಡ್ಯಾಗ ಚಹಾ ಕುಡದು ಎದ್ವಿ. ನಾ ಹಿಂದ ಕುಂತು "ರೈಟ್" ಅನ್ನಾಕ ಬಾಯಿ ತಗಿಯೂದಕ್ಕೂ ಒಬ್ಬ ಹಮಾಲ ಆಕ್ಷೀ ಅಂದ.

"ಇಳೀರಿ" ಅಂದ ಮಾವ. "ಹೊಂಡೂ ಮುಂದ ಒಂಟಿ ಸೀನು ಆಗಬಾರದು. ಚೂರು ಕುಂತು ಹೋಗ್ರಿ."

ಕುಂತ್ವಿ, ಇನ್ನೊಂದು ಚಹಾ ಬಂತು. ಎದ್ವಿ. ಬಾಜೂಕಿನ ಅಂಗಡಿ ಗುಮಾಸ್ತ ಸೀನಿದ. ಕುಂತ್ವಿ. ಎದ್ವಿ. ಈ ಸಲ ಸ್ವಂತ ಮಾವನ ಸೀನಿದ, ತಾನ ಮೆಲ್ಲಕ "ಕುಂದ್ರಿ" ಅಂದ. ಮೆಣಸಿನಕಾಯಿ ಮಾರ್ಕೆಟ್ಟಿನ್ಯಾಗ ಸೀನು ನಿಲ್ಲೂದು ಯಾವಾಗ, ನಾವು ಹೊಳಿ ದಾಟೂದು ಯಾವಾಗ? ಮಗಳು ನಕ್ಕದ್ದು ನೆನಪಾತು.

"ಮಾವಾ, ಇದಕ್ಕ ಏನರ ದಾರಿ ಐತೇನು?" ಅಂದೆ.

"ಐತಿ. ಒಬ್ಬನ ಮನಶಾ ಎರಡು ಸಲ ಸೀನಿದ್ರ ಜೋಡಿ ಸೀನು. ಅದಕ್ಕ ಅಡ್ಡಿ ಇಲ್ಲ" ಅಂದ. ನಡುವ ಎದ್ದು ಅಂಗಡಿ ಒಳಗ ಹೋಗಿ ಒಂದು ದೊಡ್ಡ ಚೀಲ ಮೆಣಸಿನಕಾಯಿ ತಂದು, ಅಕ್ಕಿ ಗಂಟಿನ ಮ್ಯಾಲ ಬಿಗಿದ. ತಮಿಳುನಾಡಿನ ಸಾರಿಗೆ ಖಾರ ಕಮ್ಮಿ ಬಿದ್ರ ಇರಲಿ ಅಂತ.

ಅಷ್ಟರಾಗ ತಲಿ ಮ್ಯಾಲ ಚೀಲ ಹೊತ್ತ ಹಮಾಲ ಒಮ್ಮೆ ಸೀನಿದ. ನಮ್ಮನಿಯವ್ರು ಗಾಡಿ ಬಿಟ್ಟು ಓಡಿ ಹೋಗಿ ಅವನ ಕೈ ಹಿಡದು, "ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ, ಇನ್ನೊಂದು ಸೀನು" ಅಂದ್ರು.

ಅವ ಇವ್ರನ್ನ ಮ್ಯಾಲ ಕೆಳಗ ನೋಡಿ ಅಂದ: "ಸಾಹೇಬ್ರ, ಇಲ್ಲಿ ಸಾಲಿ ಬಿಟ್ಟಾಗಿಂದ ದುಡಿಯಾಕತ್ತೇನಿ. ಸೀನಬ್ಯಾಡಲೇ ಅಂತ ಬೈದವ್ರು ಭಾಳ ಮಂದಿ. ಸೀನಪಾ ಅಂತ ಕೈ ಮುಗದವ್ರು ನೀವ ಮೊದಲು."

೪. ಸನ್ಯಾಸ

ರಾಣೆಬೆನ್ನೂರಾಗ ನನ್ನ ತಂಗಿ ಮನಿ. ನಾವು ಹೋಗೂದ್ರಾಗ ಓಣಿ ಹೆಣ್ಮಕ್ಕಳು ಪಡಸಾಲ್ಯಾಗ ಕುಂತಿದ್ರು. ಒಬ್ಬಾಕಿ ಬಂದು ನಮ್ಮನಿಯವ್ರ ಕಾಲಿಗೆ ನಮಸ್ಕಾರಾನೂ ಮಾಡಿದ್ಲು. ಇವ್ರು ಜೀಂವದಾಗ ನಮಸ್ಕಾರ ಮಾಡಿಸಿಕೊಂಡವ್ರಲ್ಲ, ಗಾಬರ್ಯಾಗಿ "ಹಿಂದಕ ಸರೀರಿ, ಹಿಂದಕ ಸರೀರಿ" ಅಂದ್ರು.

ಆದದ್ದು ಇಷ್ಟ. ಹಾವೇರಿ ಅಕ್ಕಾರು ಬ್ಯಾಡಗಿ ಮಾವಗ ಫೋನ್ ಮಾಡಿ, ಯಾರೂ ಇಲ್ಲದ ಊರಿಗೆ ಹೊಂಟಾರ ಅಂದಿದ್ರು. ಮಾವ ನನ್ನ ತಂಗಿಗೆ ಫೋನ್ ಮಾಡಿ, ಇವ್ರು ತನ್ನ ಅಂಗಡ್ಯಾಗ ಚಹಾ ಬಿಟ್ಟು ಏನೂ ಮುಟ್ಟಲಿಲ್ಲ ಅಂದಿದ್ದ. ಅದನ್ನೂ ಇದನ್ನೂ ಕೂಡಿಸಿ ತಂಗಿ ಅತ್ತಿಯವ್ರು ಓಣಿ ತುಂಬ ಸುದ್ದಿ ಮಾಡಿದ್ರು, ಡ್ರೈವರ್ ಸಾಹೇಬ್ರು ಸನ್ಯಾಸ ತಗೊಳಾಕ ಹೊಂಟಾರ ಅಂತ.

ಸನ್ಯಾಸಿ ಎದುರಿಗೆ ಇಟ್ಟ ಹೋಳಿಗಿ ಎಲ್ಲಾ ತಿಂದು ಮತ್ತ ತಾಟು ಮುಂದ ಹಿಡಿದ್ರು. ಅತ್ತಿಯವ್ರು ಅದನ್ನ ನೋಡಿದ್ರೂ ಬಿಡಲಿಲ್ಲ. ನನಗ ಉಡಿ ತುಂಬಿ, ಮತ್ತೊಂದು ಅಕ್ಕಿ ಗಂಟು ಗಾಡಿ ಮ್ಯಾಲ ಏರಿಸಿ, ಇವ್ರಿಗೆ ಬುದ್ಧಿ ಹೇಳಿದ್ರು:

"ನೋಡ್ರಿ, ಸಂಸಾರ ಬಿಡೂದಿದ್ರ ಒಬ್ಬರ ಹೋಗಬೇಕು. ಹೇಣ್ತಿನ್ನ ಹಿಂದ ಕುಂದ್ರಿಸಿಕೊಂಡು ಯಾರರ ಸಂಸಾರ ಬಿಡ್ತಾರೇನ್ರಿ?"

೫. ಹೊಳಿ ದಾಟಿದ್ದು

ಈಗ ನನ್ನ ಹಿಂದ ಎರಡು ಅಕ್ಕಿ ಗಂಟು, ಅದರ ಮ್ಯಾಲ ಮೆಣಸಿನಕಾಯಿ ಚೀಲ. ನನಗ ಉಳದದ್ದು ಅಂಗೈ ಅಗಲ ಜಾಗ. ಕುಮಾರಪಟ್ಟಣದ ಫ್ಯಾಕ್ಟರಿ ಚಿಮಣಿ ಕಂಡ್ವು. ಚಿಮಣಿ ಕಂಡ್ವು ಅಂದ್ರ ಹೊಳಿ ಬಂತು.

ಬಸ್ ಸ್ಟಾಪಿನ ಬಾಜೂಕ ಚಹಾದಂಗಡಿ ಇತ್ತು. "ಕಾಲು ಜೋಮು ಹಿಡದಾವ್ರೀ, ಚೂರು ನಿಲ್ಲಿಸ್ರಿ" ಅಂದೆ. ನಿಲ್ಲಿಸಿದ್ರು. ಇವ್ರು ಡ್ಯೂಟಿ ಮ್ಯಾಲ ಕುಡಿಯೂ ಹಂಗ ಗಾಡಿ ಮ್ಯಾಲ ಕುಂತ, ಇಂಜಿನ್ ಚಾಲೂ ಇಟ್ಟ ಚಹಾ ಕುಡದು ಗ್ಲಾಸ್ ಕೊಟ್ರು. ನಾ ಕೆಳಗಿಳಿದು ನಿಂತಿದ್ದೆ. ನಾ ಇಳಿದ ಕೂಡಲೇ ಮೆಣಸಿನಕಾಯಿ ಚೀಲ ಮುಂದ ಜಾರಿ ನನ್ನ ಜಾಗಾದಾಗ ಕುಂತು, ಇವ್ರ ಬೆನ್ನಿಗೆ ಒರಗಿತ್ತು.

ಹಿಂದ ಒಂದು ಬಸ್ಸು ಬಂದು ನಿಂತು, ಮಂದೀನ ಹತ್ತಿಸಿಕೊಳ್ತು. ಕಂಡಕ್ಟರ್ ಹೆಣ್ಮಗಳು. ಬಾಗಲದಾಗ ನಿಂತು ಗಟ್ಟಿ ಧ್ವನೀಲೆ, "ರೈಟ್ ರೈಟ್!" ಅಂದ್ಲು.

ಬಸ್ಸು ಹೊಂಡೂಕಿಂತ ಮೊದಲ ನಮ್ಮನಿಯವ್ರು ಹೊಂಟ್ರು.

"ಏ, ನಿಲ್ಲ್ರೀ!" ಅಂತ ಒದರಿದೆ. ರೈಟ್ ಅಂದ ಮ್ಯಾಲ ಅವ್ರು ಹೊಳ್ಳಿ ನೋಡವ್ರೇನು? ಖರೇ ಹೇಳ್ತೀನಿ, ನನಗ ಅಳು ಬಂತು. ಇಷ್ಟು ವರ್ಷಕ್ಕ ಒಮ್ಮೆ ಹೊಂಟಾಕಿ, ಹೊಳಿ ಮುಂದ ಬಂದು ನಿಂತೀನಿ, ಗಂಡ ನನ್ನ ಬಿಟ್ಟ ದಾಟಾಕತ್ತಾನ! ಓಡಿ ಹೋಗಿ ಬಸ್ಸಿಗೆ ಕೈ ಮಾಡಿದೆ. ಕಂಡಕ್ಟರ್ ಸೀಟಿ ಹೊಡದು ನಿಲ್ಲಿಸಿ ಹತ್ತಿಸಿಕೊಂಡ್ಲು. ಚಹಾದಂಗಡಿಯವ, "ಅಕ್ಕಾರ, ಗ್ಲಾಸು!" ಅಂತ ಹಿಂದ ಕೂಗಾಕತ್ತಿದ್ದ. ಗ್ಲಾಸು ನನ್ನ ಕೈಯಾಗ ಇತ್ತು.

"ಆಧಾರ್ ಕಾರ್ಡ್ ತೋರಿಸ್ರಿ, ಹೆಣ್ಮಕ್ಕಳಿಗೆ ಫ್ರೀ ಐತಿ" ಅಂದ್ಲು ಕಂಡಕ್ಟರ್.

"ಕಾರ್ಡು, ಪರ್ಸು, ಗಂಡ, ಮೂರೂ ಮುಂದ ಹೊಂಟಾವ ನೋಡ್ರಿ" ಅಂದೆ.

ಬಸ್ಸು ಸೇತುವಿ ಏರಿತು. ಕೆಳಗ ತುಂಗಭದ್ರಾ ಬಿಸಲಾಗ ಹೊಳಿಯಾಕತ್ತಿತ್ತು. ಮುಂದ ನಮ್ಮ ಗಾಡಿ. ಇವ್ರು ಸಾವಕಾಶ ಹೊಂಟಿದ್ರು, ಕಣ್ಣು ರಸ್ತಾದ ಮ್ಯಾಲ ಇಟ್ಟ ಮಾರಿ ಚೂರು ಬಾಜೂಕ ತಿರುವಿ, ಒಂದು ಕೈ ಆಡಿಸಿಕೋತ ಭಾಳ ಕಳಕಳೀಲೆ ಏನೋ ಹೇಳಾಕತ್ತಿದ್ರು. ನನ್ನ ಮುಂದ ಎಂದೂ ಅಷ್ಟು ಮಾತಾಡಿದವ್ರಲ್ಲ.

ಕಂಡಕ್ಟರ್ ಬಗ್ಗಿ ನೋಡಿ, "ಅಯ್ಯ, ಅವ್ರು ಯಾರ ಜೋಡಿ ಮಾತಾಡಾಕತ್ತಾರ್ರೀ?" ಅಂದ್ಲು.

"ನನ್ನ ಜೋಡಿ" ಅಂದೆ.

ಇಡೀ ಬಸ್ಸು ನಕ್ತು. ಸೇತುವಿ ದಾಟಿದ ಮ್ಯಾಲ ಬಸ್ಸು ಇವ್ರ ಬಾಜೂಕ ಬಂತು. ಕಿಡಕ್ಯಾಗ ನನ್ನ ನೋಡಿದ್ರು. ಹಿಂದ ಹೊಳ್ಳಿ ಚೀಲ ನೋಡಿದ್ರು. ಮತ್ತ ನನ್ನ ನೋಡಿದ್ರು. "ನೀ ಅಲ್ಲೇನು ಮಾಡಾಕತ್ತೀ?" ಅಂದ್ರು.

ಕೆಳಗಿಳಿದು ಮೊದಲ ಮಗಳಿಗೆ ಫೋನ್ ಹಚ್ಚಿದೆ. "ಹೊಳಿ ದಾಟೇವಿ ನೋಡ!" ಅಂದೆ. "ಇಬ್ಬರೂ ಕೂಡೇನ?" ಅಂದ್ಲು. "ಅವ್ರು ಗಾಡಿ ಮ್ಯಾಲ, ನಾ ಫ್ರೀ ಬಸ್ಸಿನ್ಯಾಗ" ಅಂದೆ. ಆ ಕಡೆ ಅಕಿ ನಗೂದು ನಿಲ್ಲವಲ್ದು.

ಗಾಡಿ ಹತ್ತಿ ಕುಂತೆ. "ಸೇತುವಿ ಮ್ಯಾಲ ಅಷ್ಟೊತ್ತು ಏನು ಹೇಳಾಕತ್ತಿದ್ರಿ?" ಅಂತ ಕೇಳಿದೆ.

ಇವ್ರ ಕಿವಿ ಕೆಂಪಾದ್ವು. "ಇಷ್ಟು ವರ್ಷದ್ದೆಲ್ಲಾ ಸೇರಿಸಿ ಒಮ್ಮೆ ಹೇಳೇನಿ. ಮತ್ತ ಹೇಳಾಕ ಆಗೂದಿಲ್ಲ" ಅಂದ್ರು.

"ಹೇಳೀರಿ, ಆದ್ರ ಮೆಣಸಿನಕಾಯಿ ಚೀಲಕ್ಕ ಹೇಳೀರಿ. ನನಗ ಹೇಳೂ ತನಕ ನಾನೂ ರೈಟ್ ಅನ್ನೂದಿಲ್ಲ" ಅಂದು ಗಟ್ಟಿ ಕುಂತೆ.

ಗಾಡಿ ಚಾಲೂ ಇತ್ತು. ಮುಂದ ಸಮುದ್ರದ ದಾರಿ ಖುಲ್ಲಾ ಇತ್ತು. ನಮ್ಮನಿಯವ್ರು ಮಾತ್ರ ಮುಂದ ನೋಡವಲ್ರು. ಹಿಂದ ಇನ್ನೊಂದು ಬಸ್ಸು ಬಂದು, ಅದರ ಕಂಡಕ್ಟರ್ ಆದ್ರೂ ರೈಟ್ ಅಂದಾನೇನೋ ಅಂತ ಹೊಳ್ಳಿ ಹೊಳ್ಳಿ ನೋಡಾಕತ್ರು.