ಶಾಲೆಯ ಸುದ್ದಿ ಕೇಳಿ ಎದ್ದು ಹೊರಡುತ್ತಿದ್ದ ಮಾವಶಿ

ನನ್ನ ಮಗಳ ಶಾಲೆಯ ವಾರದ ಸುದ್ದಿಯನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಸಾಲೂ ಬಿಡದೆ ಕೇಳಿಸಿಕೊಳ್ಳುತ್ತಿದ್ದ ಪ್ರಾಣಿ ಸಾಂಗ್ಲಿ, ಮಿರಜ ಎರಡೂ ಊರು ಸೇರಿಸಿ ಹುಡುಕಿದರೂ ಒಂದೇ ಒಂದು ಸಿಕ್ಕೀತು. ಆ ಪ್ರಾಣಿಗೆ ಇಂಗ್ಲಿಷ್ ಬಾರದು, ಓದು ಬಾರದು, ಆ ಶಾಲೆಯಲ್ಲಿ ಅದರ ಹೊಟ್ಟೆಯಲ್ಲಿ ಹುಟ್ಟಿದ ಮಗುವೂ ಇಲ್ಲ. ಅದು ನನ್ನ ಮಾವಶಿ, ಅಂದರೆ ನನ್ನ ಅವ್ವನ ಅಕ್ಕ. ಸುದ್ದಿ ಬರೆಯುವ ಟೀಚರು ಕೂಡ ತಾವು ಬರೆದದ್ದನ್ನು ಇನ್ನೊಮ್ಮೆ ಓದುವುದಿಲ್ಲವೆಂದು ಅದರ ತಪ್ಪುಗಳನ್ನು ನೋಡಿದರೇ ತಿಳಿಯುತ್ತದೆ. ಮಾವಶಿ ಮಾತ್ರ ನನ್ನಿಂದ ಮತ್ತೆ ಮತ್ತೆ ಓದಿಸಿ ಕೇಳುತ್ತಿದ್ದಳು. ಕೇಳುತ್ತಿದ್ದಳು ಎಂದು ಬರೆಯುವಾಗ ನನಗೆ ಸಂಕಟವಾಗುತ್ತದೆ. ಈಗ ಅವಳು ಕೇಳುವುದಿಲ್ಲ. ಶುಕ್ರವಾರ ಸಂಜೆ ಫೋನು ಸದ್ದು ಮಾಡಿದರೆ ನಾನೇ ಅವಳ ಮುಖ ನೋಡುತ್ತೇನೆ. ಅವಳು ತಲೆಯೆತ್ತದೆ ಮೆಂತ್ಯದ ಸೊಪ್ಪು ಸೋಸುತ್ತಿರುತ್ತಾಳೆ.

ಮಾವಶಿ ಮಿರಜದ ಹತ್ತಿರದ ಹಳ್ಳಿ ಆರಗದವಳು. ಮದುವೆಯಾಗಿ ಸ್ವಲ್ಪ ಕಾಲಕ್ಕೇ ಗಂಡ ತೀರಿಕೊಂಡ, ಮಕ್ಕಳಾಗಲಿಲ್ಲ. ತವರಿಗೆ ಬಂದು ತಮ್ಮಂದಿರ ಹೊಲ, ಕುರಿ, ಮಕ್ಕಳು ಎಲ್ಲವನ್ನೂ ಸಂಭಾಳಿಸಿದಳು. ನನ್ನ ಮಗಳು ಹುಟ್ಟುವ ಹೊತ್ತಿಗೆ ನನ್ನ ಅವ್ವ ಇರಲಿಲ್ಲ. ಬಾಣಂತನ ಮಾಡಲು ಮಿರಜಕ್ಕೆ ಬಂದ ಮಾವಶಿ ವಾಪಸು ಹೋಗಲೇ ಇಲ್ಲ. ನನ್ನ ಗಂಡ ಕುಪವಾಡದ ಕಾರ್ಖಾನೆಗೆ, ನಾನು ಮಿರಜದ ಒಂದು ಲ್ಯಾಬಿಗೆ ಹೊರಟರೆ ಮಗಳು ಅವಳ ಸೊಂಟ ಏರುತ್ತಿದ್ದಳು. ಅವಳನ್ನು ಆಜಿ ಎಂದು ಕರೆಯುತ್ತಾಳೆ. ಮಾವಶಿ ಕನ್ನಡದಲ್ಲಿ ಕೇಳುತ್ತಾಳೆ, ಮಗಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರಿಗೂ ಅದರಿಂದ ಯಾವ ತೊಂದರೆಯೂ ಇಲ್ಲ.

ಮಗಳ ಶಾಲೆ ಸಾಂಗ್ಲಿ ರಸ್ತೆಯಲ್ಲಿದೆ. ಖಾಸಗಿ, ಇಂಗ್ಲಿಷ್ ಮಾಧ್ಯಮ, ಗೇಟಿನಲ್ಲಿ ಟೋಪಿ ಹಾಕಿದ ಕಾವಲುಗಾರ. ಪ್ರತಿ ಶುಕ್ರವಾರ ಪಾಲಕರ ಗ್ರೂಪಿಗೆ ವಾರದ ಸುದ್ದಿ ಬರುತ್ತದೆ: ಯಾರು ಬಹುಮಾನ ಪಡೆದರು, ಯಾವ ಟೀಚರು ರಜೆ ಹಾಕಿದರು, ಶನಿವಾರ ಕುಟುಂಬದವರಿಗಾಗಿ ಏನು ಕಾರ್ಯಕ್ರಮ. ಕೊನೆಯಲ್ಲಿ ‘ಈ ವಾರದ ಕುಟುಂಬ’ ಎಂದು ಒಂದು ಮನೆಯವರ ಫೋಟೋ. ಪಾಲಕರಾದ ನಾವು ಏನು ಮಾಡುತ್ತೇವೆ? ಒಂದು ಹೆಬ್ಬೆಟ್ಟಿನ ಚಿತ್ರ ಒತ್ತಿ ಮುಂದಿನ ಮೆಸೇಜಿಗೆ ಹೋಗುತ್ತೇವೆ. ಆದರೆ ಆರಗದಲ್ಲಿ ಸುದ್ದಿ ಫೋನಿನಲ್ಲಿ ಬರುವುದಲ್ಲ, ಮನೆಯ ಬಾಗಿಲಿಗೆ ನಡೆದುಕೊಂಡು ಬರುವಂಥದ್ದು. ಹುಟ್ಟಿನದಾಗಲಿ ಸಾವಿನದಾಗಲಿ, ಸುದ್ದಿ ಮುಟ್ಟಿದ ಮೇಲೆ ಎದ್ದು ಹೋಗಿ ಬರಬೇಕು. ಕೂತಲ್ಲೇ ಕೂತರೆ ಅವರ ಮನೆಗೆ ಅವಮಾನ.

“ಇದು ಎಲ್ಲಾರಿಗೂ ಕಳಸ್ತಾರ ಮಾವಶಿ, ಹೋಗೂದೇನಿಲ್ಲ” ಎಂದು ನಾನು ತಿಳಿಸಿ ಹೇಳಿದೆ.

“ಎಲ್ಲಾರಿಗೂ ಅಂದ್ರ ನಮಗೂ ಅಂತನ ಅಲ್ಲೇನು?” ಎಂದಳು.

ಮೊದಲು ಸಿಕ್ಕಿಬಿದ್ದವರು ವಿಜ್ಞಾನದ ಟೀಚರು. ಅವರಿಗೆ ಹೆಣ್ಣುಮಗು ಹುಟ್ಟಿದೆ ಎಂದು ಸುದ್ದಿಯಲ್ಲಿ ಬಂತು. ಗ್ರೂಪಿನಲ್ಲಿ ಹೂವಿನ ಚಿತ್ರಗಳ ಮಳೆಯೇ ಆಯಿತು. ಮಾವಶಿ ಅಂಟಿನುಂಡಿ ಕಟ್ಟಿದಳು, ಕುಬಸದ ಖಣ ತೆಗೆದಳು, ಶಾಲೆಯ ಕಾವಲುಗಾರನಿಂದ ವಿಳಾಸ ತಿಳಿದುಕೊಂಡು ಬಸ್ಸು ಹತ್ತಿ ಸಾಂಗ್ಲಿಗೆ ಹೋದಳು. ಬಾಗಿಲು ತೆಗೆದ ಅತ್ತೆ ಇವಳನ್ನು ಸೊಸೆಯ ಕಡೆಯ ಹಿರಿಯಳೆಂದು ತಿಳಿದರು. ಸೊಸೆ ಅತ್ತೆಯ ಕಡೆಯವಳೆಂದು ತಿಳಿದರು. ಹೀಗಾಗಿ ಇಬ್ಬರೂ ಪೈಪೋಟಿಯಿಂದ ಉಪಚಾರ ಮಾಡಿದರು. ಮಾವಶಿ ಕೂಸಿಗೆ ಎಣ್ಣೆ ಹಚ್ಚಿ ಎರೆದು, ಲೋಬಾನದ ಹೊಗೆ ಹಾಕಿ, ಬಾಣಂತಿಗೆ ತಲೆ ಕಟ್ಟಿಸಿ, ಊಟ ಮಾಡಿ ಸಂಜೆಗೆ ಮನೆಗೆ ಬಂದಳು. ಅವಳು ಯಾರ ಕಡೆಯವಳೂ ಅಲ್ಲವೆಂಬುದು ಆ ಮನೆಯಲ್ಲಿ ಗೊತ್ತಾದದ್ದು ಅವಳು ಬಸ್ಸು ಹತ್ತಿದ ಮೇಲೆ, ನಿಮ್ಮ ಕಡೆಯವರು ಎಷ್ಟು ಒಳ್ಳೆಯವರು ಎಂದು ಅತ್ತೆ ಸೊಸೆ ಪರಸ್ಪರರನ್ನು ಹೊಗಳಲು ಶುರುಮಾಡಿದಾಗ. ಆ ಅತ್ತೆ ಸೊಸೆ ಒಬ್ಬರನ್ನೊಬ್ಬರು ಹೊಗಳಿದ್ದು ಅದೇ ಮೊದಲಂತೆ.

ಆಮೇಲೆ ಶಾಲೆಯ ಮೊಲ ಸತ್ತಿತು. ಚಿಕ್ಕ ಮಕ್ಕಳು ನೋಡಲೆಂದು ಸಾಕಿದ್ದ ಬಿಳಿಯ ಮೊಲ. ‘ನಮ್ಮ ಪ್ರೀತಿಯ ಗೆಳೆಯ ನಮ್ಮನ್ನು ಅಗಲಿದ’ ಎಂದು ಸುದ್ದಿಯಲ್ಲಿ ಬರೆದಿದ್ದರು. ನಾನು ಕನ್ನಡ ಮಾಡುವಾಗ ಮೊಲ ಎಂದು ಬಿಡಿಸಿಯೇ ಹೇಳಿದೆ, ಇಲ್ಲಿ ನನ್ನ ತಪ್ಪೇನೂ ಇಲ್ಲ. ಕುರಿ ಸಾಕಿದವಳು, ಸಾಕಿದ ಜೀವ ಹೋದರೆ ಸಂಕಟ ಏನೆಂದು ಬಲ್ಲವಳು. ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆರೆಯವರು ಬುತ್ತಿ ಒಯ್ಯಬೇಕು. ಮರುದಿನ ಬೆಳಿಗ್ಗೆ ಜೋಳದ ರೊಟ್ಟಿ, ಝುಣಕ ಕಟ್ಟಿಕೊಂಡು ಮುಖ್ಯಾಧ್ಯಾಪಕಿಯ ಕೋಣೆಗೆ ನಡೆದೇಬಿಟ್ಟಳು. ಶನಿವಾರದ ಕಾರ್ಯಕ್ರಮಕ್ಕೆಂದು ಮಗಳನ್ನು ಕರೆತಂದಿದ್ದ ನಾನು ಹಿಂದೆಯೇ ಓಡಿದೆ. ಅಷ್ಟರಲ್ಲಿ ಅವಳು ಕುರ್ಚಿಯ ತುದಿಯಲ್ಲಿ ಕೂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

“ಏನ ಮಾಡೂದ್ರಿ ಬಾಯಾರ, ನಮ್ಮ ಕೈಯಾಗ ಏನೈತ್ರಿ? ಧೈರ್ಯಾ ತಗೋರಿ. ಒಂದ್ ತುತ್ತ ಉಣ್ರಿ.”

ಮುಖ್ಯಾಧ್ಯಾಪಕಿ ಪುಣೆಯ ಕಡೆಯವರು, ಕನ್ನಡದ ಗಂಧವಿಲ್ಲ. ಅವರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ನಕಾಶೆ ನೋಡಿದೆ. ಕೊನೆಗೆ ಅವರು ಬುತ್ತಿ ಬಿಚ್ಚಿ, ಅಲ್ಲೇ, ಮಾವಶಿಯ ಎದುರಿಗೇ ರೊಟ್ಟಿ ಮುರಿದು ತಿಂದರು. ತಿನ್ನುತ್ತಾ ತಿನ್ನುತ್ತಾ ಯಾಕೋ ಅವರ ಕಣ್ಣು ತುಂಬಿತು. ಮೊಲಕ್ಕೋ, ಝುಣಕದ ಖಾರಕ್ಕೋ, ನಾನು ಕೇಳಲಿಲ್ಲ.

ಶನಿವಾರದ ಕುಟುಂಬ ಕಾರ್ಯಕ್ರಮಗಳ ಸಂಗತಿಯೇ ಬೇರೆ. ಬೆಂಕಿಯಿಲ್ಲದ ಅಡುಗೆ ಎಂದು ಒಮ್ಮೆ ಇಟ್ಟಿದ್ದರು. ಎಲ್ಲ ತಾಯಂದಿರೂ ಬ್ರೆಡ್ಡಿಗೆ ಸೌತೆಕಾಯಿ ಹಚ್ಚುವುದನ್ನು ನೋಡಿ ಮಾವಶಿ ಪಕ್ಕದವಳ ಕಿವಿಯಲ್ಲಿ, “ಗ್ಯಾಸ್ ತೀರೇತೇನ್ರಿ ಎಲ್ಲಾರದೂ?” ಎಂದು ಕನಿಕರದಿಂದ ಕೇಳಿದಳು. ಮಡಕೆಗೆ ಬಣ್ಣ ಬಳಿಯುವ ಸ್ಪರ್ಧೆಯಲ್ಲಿ ಮಡಕೆ ಬಡಿದು ನೋಡಿ, ಇದು ಸೋರುತ್ತದೆ, ಬೇರೆ ಕೊಡಿ ಎಂದು ಹಟ ಹಿಡಿದಳು. ಏನೇ ಇರಲಿ, ಒಂದು ಶನಿವಾರವೂ ತಪ್ಪಿಸಲಿಲ್ಲ.

ಆದರೆ ಗೇಟಿನಲ್ಲಿ ಒಂದು ಪಂಚಾಯಿತಿ. ಒಳಗೆ ಹೋಗುವವರ ಎದೆಗೆ ಬಿಲ್ಲೆ ಚುಚ್ಚುತ್ತಾರೆ: ತಾಯಿ, ತಂದೆ, ಅಜ್ಜ, ಅಜ್ಜಿ. ಮೊದಲ ಸಲ ಕಾವಲುಗಾರ ಮರಾಠಿಯಲ್ಲಿ ಕೇಳಿದ, ನೀವು ಹುಡುಗಿಗೆ ಏನಾಗಬೇಕು? ಮಾವಶಿಗೆ ಸುಳ್ಳು ಹೇಳಲು ಬರುವುದಿಲ್ಲ. ಹುಡುಗಿಯ ತಾಯಿಯ ತಾಯಿಯ ಅಕ್ಕ ಎಂದು ಪೂರ್ತಿ ಬಿಡಿಸಿ ಹೇಳಿದಳು. ಅಷ್ಟುದ್ದದ ಬಿಲ್ಲೆ ಅವನ ಡಬ್ಬಿಯಲ್ಲಿರಲಿಲ್ಲ. ‘ಪಾಹುಣೆ’, ಅಂದರೆ ಅತಿಥಿ, ಎಂಬ ಬಿಲ್ಲೆ ಚುಚ್ಚಿದ. ಅದರಲ್ಲಿ ಏನು ಬರೆದಿದೆಯೆಂದು ಅವಳು ಮಗಳನ್ನೇ ಕೇಳಿ ತಿಳಿದುಕೊಂಡಳು. ಮನೆಗೆ ಬಂದು ಬಿಲ್ಲೆ ಬಿಚ್ಚುತ್ತಾ, “ಎರಡೂ ಹೊತ್ತು ಉಣ್ಣಿಸಿ ಮಲಗಸಾಕಿ ನಾ. ಪಾಹುಣೆ ಆದೆ ನೋಡ” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಅಂದಿನಿಂದ ಅವಳಿಗೆ ಒಂದೇ ಹಂಬಲ. ಸುದ್ದಿಯ ಕೊನೆಯ ಆ ಫೋಟೋದಲ್ಲಿ ನಮ್ಮ ಮನೆ ಬರಬೇಕು, ಅದರಲ್ಲಿ ತಾನು ನಿಂತಿರಬೇಕು. ಬಿಲ್ಲೆಯ ಮಾತು ಯಾರಾದರೂ ಎತ್ತಿದರೆ ಆ ಫೋಟೋ ತೋರಿಸಬಹುದಲ್ಲ! ಶುಕ್ರವಾರ ಬಂದರೆ ಸುದ್ದಿಗಿಂತ ಮೊದಲು ಕೇಳುವುದು ಅದನ್ನೇ: “ನಮ್ಮ ಪಾಳಿ ಬಂತೇನು?” ಬಂದಿಲ್ಲ ಎಂದರೆ ಬಂದವರ ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ಪರೀಕ್ಷೆಗಿಳಿಯುವಳು. “ಇವರ ಮನ್ಯಾಗ ಮುಂದೇನೂ ಇಲ್ಲ, ಹಿಂದೇನೂ ಇಲ್ಲ. ಗಂಡ, ಹೆಂಡ್ತಿ, ಒಂದ್ ಹುಡುಗ. ಉಳಿದವರೆಲ್ಲಾ ಎಲ್ಲಿ ಹೋಗ್ಯಾರ?”

ಅಂತೂ ಒಂದು ಶುಕ್ರವಾರ ನಮ್ಮ ಪಾಳಿ ಬಂತು. ನಾಳೆ ಬೆಳಿಗ್ಗೆ ಶಾಲೆಯ ತೋಟದಲ್ಲಿ ಕುಟುಂಬಸಮೇತ ಹಾಜರಾಗಬೇಕೆಂದು ಮೆಸೇಜು. ನಾನು ಓದಿ ಹೇಳಿದೆ, ಅಷ್ಟೆ. ಕುಟುಂಬ ಎಂದರೆ ಇಂಥಿಂಥವರು ಎಂದು ಯಾರೂ ಬರೆದಿರಲಿಲ್ಲ, ಮಾವಶಿಗೆ ಬಿಡಿಸಿ ಹೇಳುವ ಅಗತ್ಯವೂ ಕಾಣಲಿಲ್ಲ. ಅವಳು ಫೋನು ಹಚ್ಚಿ ಆರಗಕ್ಕೆ ಸುದ್ದಿ ಮುಟ್ಟಿಸಿದಳು. ಆರಗದಲ್ಲಿ ಸುದ್ದಿ ಮುಟ್ಟಿದರೆ ಏನಾಗುತ್ತದೆಂದು ನಾನಾಗಲೇ ಹೇಳಿದೆನಲ್ಲ. ಮರುದಿನ ಶಾಲೆಯ ಗೇಟಿಗೆ ಒಂದು ಟೆಂಪೋ ಬಂದು ನಿಂತಿತು. ಅದರಿಂದ ತಲೆಗೆ ಪಟಕಾ ಸುತ್ತಿಕೊಂಡ ದೊಡ್ಡ ಮಾಮಾ ಇಳಿದ, ಸಣ್ಣ ಮಾಮಾ ಇಳಿದ, ಮಾಮಿಯರು, ಅವರ ಮಕ್ಕಳು, ಸೊಸೆಯಂದಿರು, ಕಂಕುಳಲ್ಲಿ ಕೂಸುಗಳು, ಕೊನೆಗೆ ಖಂಡೇರಾಜುರಿ ಊರಿಗೆ ಕೊಟ್ಟ ಹೆಣ್ಣುಮಗಳು ಅವಳ ಗಂಡನ ಸಮೇತ. ಕಾವಲುಗಾರನ ಡಬ್ಬಿಯ ಪಾಹುಣೆ ಬಿಲ್ಲೆಗಳೆಲ್ಲ ತೀರಿಹೋದವು. ಉಳಿದವರಿಗೆ ಅವನು ಅಜ್ಜ ಬಿಲ್ಲೆ ಚುಚ್ಚಿದ. ಸಣ್ಣ ಮಾಮಾನ ಸೊಸೆ, ಮೊನ್ನೆ ಮೊನ್ನೆ ಮದುವೆಯಾದವಳು, ಅಜ್ಜನಾಗಿ ಒಳಗೆ ಬಂದಳು.

ಫೋಟೋ ತೆಗೆಯಲು ಬಂದ ಕಂಪ್ಯೂಟರ್ ಟೀಚರು ಚಿಕ್ಕ ವಯಸ್ಸಿನ ಹುಡುಗಿ. “ಇಷ್ಟೂ ಜನ ಒಂದೇ ಕುಟುಂಬದವರೇ?” ಎಂದು ಮರಾಠಿಯಲ್ಲಿ ಕೇಳಿದಳು.

“ಇನ್ನ ದನಾ ಹಿಂಡಾಕ ಇಬ್ಬರು ಉಳದಾರ್ರಿ” ಎಂದು ದೊಡ್ಡ ಮಾಮಾ ಕ್ಷಮೆ ಕೇಳಿದ.

ಟೀಚರು ಫೋನು ಹಿಡಿದು ಹಿಂದೆ ಹಿಂದೆ ಸರಿದಳು. ಎಲ್ಲರೂ ಪರದೆಯಲ್ಲಿ ಹಿಡಿಸಲಿಲ್ಲ. ಮತ್ತೂ ಸರಿದು ದಾಸವಾಳದ ಬೇಲಿಯೊಳಗೇ ಹೊಕ್ಕಳು. ಇತ್ತ ಮಾವಶಿ ಒಬ್ಬೊಬ್ಬರನ್ನೂ ಜಾಗಕ್ಕೆ ಹಚ್ಚುತ್ತಿದ್ದಳು. ಕೂಸುಗಳು ಮುಂದೆ, ಕುಳ್ಳಗಿನವರು ನಡುವೆ, ಮಾಮಾನ ಪಟಕಾ ಸರಿಮಾಡಿದ್ದಾಯಿತು, ಸೊಸೆಯ ಸೆರಗು ಎಳೆದದ್ದಾಯಿತು. ನಾನು, ಗಂಡ, ಮಗಳು ಮಧ್ಯದಲ್ಲಿ. ಎಲ್ಲ ಮುಗಿದ ಮೇಲೆ ತಾನು ಬಂದು ಮಗಳ ಪಕ್ಕ ನಿಂತಳು. ಅಷ್ಟು ನೆಟ್ಟಗೆ ಅವಳು ನಿಂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಮುಂದಿನ ಶುಕ್ರವಾರ ಸುದ್ದಿ ಬಂತು. ಮಾವಶಿ ಕನ್ನಡಕ ಒರೆಸಿ ಹಾಕಿಕೊಂಡು ಪಕ್ಕಕ್ಕೆ ಬಂದು ಕೂತಳು. ಬಹುಮಾನ, ರಜೆ ಯಾವುದೂ ಬೇಡ, ಕೊನೆಗೇ ಹೋಗು ಎಂದಳು. ಹೋದೆ. ಚೌಕಾಕಾರದ ಒಂದು ಪುಟ್ಟ ಫೋಟೋ. ಅದರಲ್ಲಿ ನಾನು, ನನ್ನ ಗಂಡ, ನನ್ನ ಮಗಳು. ಮುಂದೇನೂ ಇಲ್ಲ, ಹಿಂದೇನೂ ಇಲ್ಲ.

ನಾನು ಕೂಡಲೇ ಟೀಚರಿಗೆ ಫೋನು ಮಾಡಿದೆ. ಪಾಪ, ಆ ಹುಡುಗಿ ನಿಜವಾಗಿಯೂ ನೊಂದುಕೊಂಡಳು. ಸುದ್ದಿಯಲ್ಲಿ ಫೋಟೋಕ್ಕೆ ಇರುವ ಚೌಕವೇ ಅಷ್ಟು, ದೊಡ್ಡದು ಹಾಕಿದರೆ ಅದು ತಾನಾಗಿ ನಡುವಿನದನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ನಾಲ್ಕೂ ಕಡೆಯಿಂದ ಕತ್ತರಿಸುತ್ತದೆ. ಮೂಲ ಫೋಟೋ? ಫೋನು ತುಂಬಿತ್ತೆಂದು ಕಳಿಸಿದ ಮೇಲೆ ಅಳಿಸಿಬಿಟ್ಟಿದ್ದಳು. ಇನ್ನೊಮ್ಮೆ ತೆಗೆಯಬಹುದೇ ಎಂದೆ. ಮುಂದಿನ ವಾರಗಳೆಲ್ಲ ಬೇರೆ ಬೇರೆ ಮನೆಗಳಿಗೆ ಹಂಚಿಹೋಗಿವೆ ಎಂದಳು. ಯಾರನ್ನು ಬೈಯಲಿ? ಬೈಯಲು ಒಬ್ಬರು ಸಿಕ್ಕಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಮಾವಶಿ ಅಳಲಿಲ್ಲ. ನಾನು ಹೊರಗಿನ ಕೋಣೆಗೆ ಬಂದಾಗ ನನ್ನ ಫೋನು ಹಿಡಿದು ಆ ಚೌಕವನ್ನು ಬೆರಳಿನಿಂದ ಹಿಗ್ಗಿಸುತ್ತಾ, ಸರಿಸುತ್ತಾ ಕೂತಿದ್ದಳು. ಪಕ್ಕದಲ್ಲಿ ಮಗಳು. ಹಿಗ್ಗಿಸಿ ಹಿಗ್ಗಿಸಿ ಫೋಟೋದಲ್ಲಿ ಮಗಳ ಎಡ ಹೆಗಲಿನ ಹತ್ತಿರ ಇಬ್ಬರ ಕಣ್ಣೂ ನಿಂತವು. ಅಲ್ಲಿ, ಚೌಕದ ಅಂಚಿನಿಂದ ಒಳಗೆ ಬಂದ ಒಂದು ಕೈ ಇತ್ತು. ಮಣಿಕಟ್ಟಿನವರೆಗೆ ಮಾತ್ರ. ಸೊಟ್ಟಗಾದ ಕಿರುಬೆರಳು, ಕುಡಗೋಲು ತಾಗಿದ ಹಳೆಯ ಗಾಯದ ಗೆರೆ. ಹೆಗಲ ಮೇಲೆ ಗಟ್ಟಿಯಾಗಿ ಕೂತಿತ್ತು.

“ಆಜೀ, ತುಝಾ ಹಾತ್” ಎಂದಳು ಮಗಳು, ಅಜ್ಜಿ, ನಿನ್ನ ಕೈ.

ಆ ಹೊತ್ತಿಗೇ ಮಾವಶಿಯ ಫೋನಿಗೆ ಆರಗದಿಂದ ಕರೆ ಬಂತು. ದೊಡ್ಡ ಮಾಮಾ. ಊರಲ್ಲಿ ಎಲ್ಲರೂ ಕಾಯುತ್ತಾ ಕೂತಿದ್ದಾರಂತೆ. ಸ್ಪೀಕರಿನಲ್ಲಿ ಅವನ ಮಾತು ಮನೆಯೆಲ್ಲ ಕೇಳುತ್ತಿತ್ತು.

“ಬಂತೇನ ಅಕ್ಕಾ ಫೋಟೋ? ನಾವೆಲ್ಲಾ ಬಂದೇವಿಲ್ಲೋ?”

ಸುಳ್ಳು ಬಾರದ ಮಾವಶಿ ಒಮ್ಮೆ ಕೆಮ್ಮಿದಳು.

“ಎಲ್ಲಾರೂ ಬಂದೀರಿ ತಮ್ಮಾ. ನಿನ್ನ ಪಟಕಾ ಭಾಳ ಚಂದ ಬಂದೈತಿ.”

“ಸಣ್ಣಾವನ ಸೊಸಿ?”

“ಸೆರಗ ನೆಟ್ಟಗ ಐತಿ. ನಕ್ಕಾಳ. ಕೂಸುಗೋಳು ಮುಂದ ಕುಂತಾವು, ಒಂದೂ ಅಳಾಕತ್ತಿಲ್ಲ. ಖಂಡೇರಾಜುರಿ ಅಳಿಯಾನೂ ಬಂದಾನ, ಹಿಂದ ನಿಂತಾನ, ಎತ್ತರ ಕಾಣತಾನ.” ಒಬ್ಬೊಬ್ಬರನ್ನೂ ನಿಲ್ಲಿಸಿದ ಜಾಗದಲ್ಲೇ ನಿಲ್ಲಿಸಿ ಹೇಳಿದಳು, ಯಾರನ್ನೂ ಬಿಡಲಿಲ್ಲ. ಆ ಕಡೆ ಎಲ್ಲರೂ ಒಟ್ಟಿಗೆ ನಗುವುದು, ಮಾತಾಡುವುದು ಕೇಳಿಸಿತು. ಮಗಳು ಅವಳ ಮೈಗೆ ಒತ್ತಿ ಕೂತಿದ್ದಳು.

“ಮತ್ತ ನೀ?” ಎಂದ ಮಾಮಾ. “ನೀ ಎಲ್ಲಿ ಅದಿ ಅಕ್ಕಾ?”

ಮಾವಶಿ ಮತ್ತೊಮ್ಮೆ ಫೋಟೋ ನೋಡಿದಳು.

“ನಾ ಹುಡಿಗಿ ಹೆಗಲ ಮ್ಯಾಲ ಕೈ ಇಟ್ಟೇನಿ” ಎಂದಳು.