ಶಂಭುಲಿಂಗಪ್ಪನ ಯಮನೂರು ಶಿಕ್ಕಾ

"ಧಾರವಾಡ ಜಿಲ್ಲಾದಾಗ ಎಷ್ಟು ಪೋಸ್ಟ್ ಆಫೀಸ ಅದಾವೊ, ಅಷ್ಟೂ ಊರಿನ ಶಿಕ್ಕಾ ನನ್ನ ಪೆಟಗಿಯೊಳಗ ಬಂದು ಕುಂಡ್ರಬೇಕು! ಇಲ್ಲಾಂದ್ರ ನಾನು ಶಂಭುಲಿಂಗಪ್ಪನ ಅಲ್ಲ!"

೧೯೭೪ರ ಯುಗಾದಿಯ ದಿನ, ಹೋಳಿಗೆ ಉಂಡ ಕೈಯನ್ನೇ ಮೇಲೆತ್ತಿ ಕಲಘಟಗಿಯ ಬೀಜ-ಗೊಬ್ಬರದ ಅಂಗಡಿಯ ಶಂಭುಲಿಂಗಪ್ಪ ಮಾಡಿದ ಭೀಷಣ ಪ್ರತಿಜ್ಞೆ ಇದು. ಕೇಳಿದವಳು ಹೆಂಡತಿ ಗೌರಕ್ಕ ಒಬ್ಬಳೇ.

"ಮೊದಲ ಕೈ ತೊಳಕೋರಿ," ಎಂದಳು.

ಲೋಕದ ಜನ ಅಂಚೆಚೀಟಿ ಕೂಡಿಹಾಕುವುದು ಅದರ ಮೇಲಿನ ಚಿತ್ರಕ್ಕಾಗಿ. ನಮ್ಮ ಶಂಭುಲಿಂಗಪ್ಪನಿಗೆ ಚಿತ್ರದ ಗೊಡವೆಯೇ ಇಲ್ಲ. ಅವನಿಗೆ ಬೇಕಾದದ್ದು ಅದರ ತಲೆಯ ಮೇಲೆ ಪೋಸ್ಟಿನವರು ಧಪ್ಪೆಂದು ಹೊಡೆಯುವ ಕರಿ ಗುಂಡು ಮುದ್ರೆ. "ಚಿತ್ರಾ ಎಲ್ಲಾ ಊರಾಗೂ ಅದ ಇರತೈತಿ. ಶಿಕ್ಕಾ ಹಂಗಲ್ಲ. ಅದು ಆ ಊರಿಂದು, ಆ ದಿನದ್ದು, ಆ ಕೈಯಿಂದು!" ಎನ್ನುತ್ತಿದ್ದ. ಮುದ್ರೆ ಎಡಕ್ಕೆ ವಾಲಿದರೆ ಹೊಡೆದವನು ಎಡಚ. ಮಸಿ ಹರಡಿದರೆ ಆ ಊರಲ್ಲಿ ಮಳೆ. ಎರಡು ಸಲ ಹೊಡೆದಿದ್ದರೆ ಮುಂಜಾನೆ ಮನೆಯಲ್ಲಿ ಜಗಳ! ಹೀಗೆ ಅಂಗಡಿಗೆ ಬಂದ ಒಂದೊಂದು ಕಾಗದವನ್ನೂ ಬೆಳಕಿಗೆ ಹಿಡಿದು, ಕಂಡರಿಯದ ಊರಿನ ಸಮಾಚಾರವನ್ನೆಲ್ಲ ತಿಳಿದುಕೊಳ್ಳುತ್ತಿದ್ದ. ಕಾಗದದಲ್ಲಿ ಬರೆದಿದ್ದ ಸಮಾಚಾರವೊಂದನ್ನು ಬಿಟ್ಟು.

ಹೌದು, ಓದುತ್ತಿರಲಿಲ್ಲ! ಮಿಶ್ರಿಕೋಟಿಯ ಬಸಣ್ಣ ಭತ್ತದ ಬೀಜಕ್ಕಾಗಿ ಕಾರ್ಡು ಬರೆದು, ಕಾದು ಕಾದು ಸಾಕಾಗಿ ತಾನೇ ಬಂದ.

"ನನ್ನ ಕಾರ್ಡ ಮುಟ್ಟಲಿಲ್ಲೇನ್ರಿ?"

"ಮುಟ್ಟೇತಿ! ಏನ ಶಿಕ್ಕಾ ಅಂತೀರಿ! ಅಗದಿ ತೂಕದ್ದು!"

ಬಸಣ್ಣ ಬೀಜವನ್ನು ಬೇರೆ ಅಂಗಡಿಯಲ್ಲಿ ಕೊಂಡ.

ಇಷ್ಟಾದರೂ ಒಂದು ಊರು ಪೆಟ್ಟಿಗೆಗೆ ಬರಲೊಲ್ಲದು. ಅದು ಯಮನೂರು, ಗೌರಕ್ಕನ ತವರು! ಅತ್ತೆ ಶಿವಗಂಗವ್ವನಿಗೆ ಬರೆಯಲು ಬಾರದು. ಸುದ್ದಿ ಏನಿದ್ದರೂ ಬಸ್ಸಿನಲ್ಲಿ ಬರುವವರ ಬಾಯಲ್ಲೇ ಬರುತ್ತಿತ್ತು. ಬಾಯಿಗೆ ಯಾರು ಶಿಕ್ಕಾ ಹೊಡೆಯುತ್ತಾರೆ? ಆ ಶ್ರಾವಣದಲ್ಲಿ ಶಿವಗಂಗವ್ವ ಜ್ವರ ಬಂದು ಮಲಗಿದಳು. ಗೌರಕ್ಕ ಊಟ ಬಿಟ್ಟು, "ಹ್ಯಾಂಗದಾಳ ಅಂತ ಯಾರ ಕೈಲೆರೆ ಒಂದ ಕಾರ್ಡ ಬರಸ್ರಿ" ಎಂದು ತವರಿಗೆ ಹೇಳಿ ಕಳಿಸಿದಳು. ಅತ್ತೆಯ ಜ್ವರದಿಂದ ಶಂಭುಲಿಂಗಪ್ಪನಿಗೂ ದುಃಖವಾಯಿತು. ಆದರೆ ಕಾರ್ಡು ಎಂಬ ಮಾತು ಕಿವಿಗೆ ಬಿದ್ದೊಡನೆ ದುಃಖ ಸ್ವಲ್ಪ ಹಗುರಾಯಿತು ಎನ್ನುವುದನ್ನು ಮುಚ್ಚಿಡಬಾರದು.

ಕಾರ್ಡು ಬಂದದ್ದು ಒಂದು ಮಧ್ಯಾಹ್ನ. ಗೌರಕ್ಕ ಅರಿವೆ ಒಗೆಯಲು ಹೋಗಿದ್ದಳು. ಊಟಕ್ಕೆಂದು ಮನೆಗೆ ಬಂದಿದ್ದ ಶಂಭುಲಿಂಗಪ್ಪನ ಕೈಗೇ ಪೋಸ್ಟಿನವನು ಕಾರ್ಡು ಕೊಟ್ಟು ಹೋದ. ಆಹಾ! ತುಂಬಿದ ಗುಂಡು! ಎಲ್ಲಿಯೂ ಹರಡಿಲ್ಲ, ಹರಿದಿಲ್ಲ. ಊರ ಹೆಸರು ಬಿಡಿಬಿಡಿಯಾಗಿ ಕಾಣುತ್ತದೆ. ಊಟ ಮರೆತುಹೋಯಿತು. ಕತ್ತರಿ ತಂದು, ಉಸಿರು ಬಿಗಿಹಿಡಿದು, ಅಂಚೆಚೀಟಿ ಇದ್ದ ಮೂಲೆಯನ್ನು ಕಚಕ್ಕನೆ ಕತ್ತರಿಸಿದ. ಉಳಿದ ಕಾರ್ಡನ್ನು ಹೆಂಡತಿಯ ಕಣ್ಣಿಗೆ ಬೀಳಲೆಂದು ಬಾಗಿಲ ಬಾಜು ಗೋಡೆಯ ಮಾಡದಲ್ಲಿಟ್ಟು, ಗಡಿಯಾರ ರಿಪೇರಿಯ ಅಬ್ದುಲ್‌ಸಾಬನ ಅಂಗಡಿಗೆ ಓಡಿದ. ಇಂಥ ಶಿಕ್ಕಾವನ್ನು ಬರಿಗಣ್ಣಿನಲ್ಲಿ ನೋಡುವುದು ಪಾಪ!

ಅಬ್ದುಲ್‌ಸಾಬ ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಭಿಂಗವನ್ನು ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿದ.

"ಭಾಳ ಛಂದ ಬಿದ್ದೈತಿ. ಅತ್ತೀಯವರು ಹ್ಯಾಂಗದಾರಂತ?"

"ಯಾರಿಗ್ಗೊತ್ತು? ಓದಿಲ್ಲ."

"ಉಳದ ಕಾರ್ಡ ಎಲ್ಲೈತಿ?"

"ಗೌರಿಗೆ ಕಾಣೂ ಹಂಗ ಮುಂದ ಇಟ್ಟ ಬಂದೇನಿ."

ಭಿಂಗ ಅಬ್ದುಲ್‌ಸಾಬನ ಕಣ್ಣಿನಿಂದ ಉದುರಿ ಮೇಜಿನ ಮೇಲೆ ಬಿತ್ತು. "ಮೂಲಿ ಇಲ್ಲದ ಕಾರ್ಡ? ಅದೂ ತವರಮನಿಯಿಂದ ಬಂದದ್ದು? ಶಂಭಣ್ಣಾ, ತಲಿ ನೆಟ್ಟಗೈತೇನು ನಿಂದು!"

ಆಗ ಶಂಭುಲಿಂಗಪ್ಪನ ತಲೆಗೆ ಹೊಳೆಯಿತು. ಸಾವಿನ ಸುದ್ದಿ ಬರೆದ ಕಾರ್ಡಿನ ಮೂಲೆ ಕತ್ತರಿಸಿ ಕಳಿಸುವುದು ಪದ್ಧತಿ. ಅಂಥ ಕಾರ್ಡನ್ನು ಮನೆಯೊಳಗೆ ಒಯ್ಯುವುದಿಲ್ಲ. ಹೊರಗೇ ಹರಿದು ಒಗೆಯುತ್ತಾರೆ. ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಈ ಸಂಗತಿ ಜಿಲ್ಲೆಯ ಶಿಕ್ಕಾ ಚಕ್ರವರ್ತಿಗೆ ಮಾತ್ರ ಮರೆತುಹೋಗಿತ್ತು!

ಓಡೋಡಿ ಬಂದರೆ ಮನೆಗೆ ಕೀಲಿ. ಬಾಜು ಮನೆಯ ಮುದುಕ ಮಡಿವಾಳೆಪ್ಪ ತಲೆಯ ಮೇಲೆ ಟವೆಲ್ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದ.

"ಎಲ್ಲಿ ಹಾಳಾಗಿ ಹೋಗಿದ್ದಿಲೇ? ನಿಮ್ಮ ಅತ್ತಿ ಹೋದಳು! ಗೌರವ್ವ ಅತ್ತು ಅತ್ತು ಸುಸ್ತಾದಳು. ಓಣಿ ಹೆಣ್ಣಮಕ್ಕಳು ಅಕಿನ್ನ ಕರಕೊಂಡು ಹುಬ್ಬಳ್ಳಿ ಬಸ್ ಹತ್ಯಾರ."

"ಕಾರ್ಡಿನಾಗ ಏನ ಬರದಿತ್ರಿ ಕಾಕಾ?"

"ಮೂಲೀನ ಹೋಗಿತ್ತು, ಮತ್ತೇನ ಓದೂದು? ಹರದು ತಿಪ್ಪಿಗೆ ಒಗದೆ."

"ಅಯ್ಯ, ಅತ್ತಿ ಸತ್ತಿಲ್ರಿ! ಮೂಲಿ ಕತ್ತರಿಸಿದಾಂವ ನಾನು!"

"ಹಂಗಾರ ಏನ ಬರದಿತ್ತು?"

ಶಂಭುಲಿಂಗಪ್ಪ ತಿಪ್ಪೆಯತ್ತ ಓಡಿದ. ನಿಜ, ಏನು ಬರೆದಿತ್ತು? ಒಂದು ವೇಳೆ ಖರೇನೇ ಹೋಗಿದ್ದರೆ? ತಿಪ್ಪೆ ಕೆದರಿದರೆ ಸಿಕ್ಕ ಚೂರುಗಳಲ್ಲಿ ಒಂದರಲ್ಲಿ "ಜ್ವರ" ಇತ್ತು, ಇನ್ನೊಂದರಲ್ಲಿ "ಶಿವನ ದಯಾ" ಇತ್ತು. ಇವೆರಡರಿಂದ ಮನುಷ್ಯ ಬದುಕಿಯೂ ಇರಬಹುದು, ಸತ್ತೂ ಇರಬಹುದು! ಹುಬ್ಬಳ್ಳಿಗೊಂದು ಬಸ್ಸು, ನವಲಗುಂದಕ್ಕೊಂದು ಬಸ್ಸು. ದಾರಿಯುದ್ದಕ್ಕೂ ಅಳುವ ಮುಖ ಇಟ್ಟುಕೊಳ್ಳಬೇಕೋ, ತಪ್ಪೊಪ್ಪಿಕೊಳ್ಳುವ ಮುಖ ಇಟ್ಟುಕೊಳ್ಳಬೇಕೋ ತಿಳಿಯದೆ ಎರಡನ್ನೂ ಪಾಳಿಯ ಮೇಲೆ ಇಟ್ಟುಕೊಂಡ.

ಯಮನೂರಿನಲ್ಲಿ ಶಿವಗಂಗವ್ವ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಅಳಲು ಬಂದ ಓಣಿಯ ಹೆಂಗಸರು ಸುತ್ತ ಕುಳಿತು ಚಹಾ ಕುಡಿಯುತ್ತಿದ್ದರು. ಆದದ್ದು ಇಷ್ಟು: ಗೌರಕ್ಕ ಬೀದಿಯ ತುದಿಯಿಂದಲೇ ಬೋರಾಡುತ್ತ ಬಂದಾಗ, ಶಿವಗಂಗವ್ವ "ಯಾರು ಹೋದರಬೇ?" ಎಂದು ಹೊರಗೆ ಬಂದು, ಮಗಳ ಕೊರಳು ತಬ್ಬಿ ತಾನೂ ಜೋರಾಗಿ ಅತ್ತಿದ್ದಳು. ಸತ್ತವಳು ತಾನೇ ಎಂದು ತಿಳಿಯುವ ಹೊತ್ತಿಗೆ ಅವಳ ದನಿ ಬಿದ್ದುಹೋಗಿತ್ತು.

"ಜ್ವರಾ ಬಿಟ್ಟೇತಿ, ಶಿವನ ದಯಾದಿಂದ ರೊಟ್ಟಿ ಉಣ್ಣಾಕತ್ತೇನಿ ಅಂತ ಬರಸಿದ್ನೆಲ್ರಿ ಅಳಿಯಂದಿರ!" ಎಂದು ಒಡಕು ದನಿಯಲ್ಲಿ ಕೇಳಿದಳು. "ಆ ಮೂಲಿ ಎಲ್ಲೈತಿ? ಕೊಡ್ರಿಲ್ಲೆ."

ಕೊಟ್ಟ. ಯಮನೂರಿನ ತುಂಬು ಗುಂಡು ನೇರವಾಗಿ ಒಲೆಗೆ ಹೋಯಿತು. ಶಂಭುಲಿಂಗಪ್ಪನ ಕಣ್ಣಲ್ಲಿ ಆಗ ನೀರು ಬಂತು. ಅದನ್ನು ಗೌರಕ್ಕ ನೋಡಿದಳು. ಯಾತಕ್ಕೆ ಬಂತೆಂಬುದೂ ಅವಳಿಗೆ ತಿಳಿಯಿತು. ಸಾಲದ್ದಕ್ಕೆ ಈ ಮಹಾಶಯ ಬುದ್ಧಿ ಬೇರೆ ಹೇಳಿದ!

"ಅಲ್ಲ ಗೌರಿ, ನೀನೂ ಸಾಲಿ ಕಲತಾಕಿ. ಒಂದ ಮೂಲಿ ಹೋದದ್ದಕ್ಕ ಇಷ್ಟ ಅಂಜೂದೇನು? ತಿರುವಿ ಓದಬಾರದಾಗಿತ್ತಾ?"

ಓಣಿಯ ಹೆಂಗಸರು ಚಹಾದ ಬಟ್ಟಲು ಕೆಳಗಿಟ್ಟರು.

"ನೀವು ನಡೀರಿ ಊರಿಗೆ," ಎಂದಳು ಗೌರಕ್ಕ. "ನಾ ಇಲ್ಲೇ ಇರತೇನಿ."

ಇದ್ದೇಬಿಟ್ಟಳು. ಕಲಘಟಗಿಯ ಮನೆ ಬಿಕೋ ಎನ್ನತೊಡಗಿತು. ಅಣ್ಣಿಗೇರಿಯಿಂದ ಒಂದು ಒಳ್ಳೆಯ ಶಿಕ್ಕಾ ಬಂತು. ತೋರಿಸಲು ಯಾರೂ ಇರಲಿಲ್ಲ. ಎಷ್ಟೇ ಬೈದರೂ ದಿನಾ ಸಂಜೆ "ಇವತ್ತ ಯಾವ ಊರು ಬಂತ್ರಿ?" ಎಂದು ಕೇಳುತ್ತಿದ್ದವಳು ಅವಳೊಬ್ಬಳೇ ಎಂಬುದು ಆಗ ಅವನಿಗೆ ಹೊಳೆಯಿತು. ಹೇಳಿ ಕಳಿಸಿದ, ಉತ್ತರವಿಲ್ಲ. ಕಾರ್ಡು ಬರೆದ, ಉತ್ತರವಿಲ್ಲ.

ಶ್ರಾವಣ ಮುಗಿದ ಮೇಲೆ ಒಂದು ಮುಂಜಾನೆ ಬಾಗಿಲ ಸಂದಿಯಿಂದ ಕಾರ್ಡೊಂದು ಒಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದ ಶಂಭುಲಿಂಗಪ್ಪ ಬಗ್ಗಿದಂತೆಯೇ ನಿಂತ. ಕೆಳಗಿನ ಒಂದು ಮೂಲೆ ಇರಲಿಲ್ಲ.

ಯಾರು? ಅತ್ತೆಯೋ? ಇಲ್ಲ, ಗೌರಿಯೋ? ಅಳುತ್ತ ಹೋದವಳು, ಊಟ ಬಿಟ್ಟವಳು! ಕಾರ್ಡನ್ನು ಎತ್ತಿಕೊಂಡ. ತಿರುವಿ ಓದಬೇಕು, ಓದುವ ಧೈರ್ಯವಿಲ್ಲ. ಅಷ್ಟರಲ್ಲಿ ಮಡಿವಾಳೆಪ್ಪ ಕಿಟಕಿಯಿಂದ ಕಂಡು, "ಕೊಡಿಲ್ಲೆ, ಹರದ ಒಗೀತೇನಿ" ಎಂದು ಕೈ ಚಾಚಿದ.

"ಮುಟ್ಟಬ್ಯಾಡ್ರಿ ಕಾಕಾ!" ಶಂಭುಲಿಂಗಪ್ಪ ಕಾರ್ಡನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಕಣ್ಣೊರೆಸಿಕೊಂಡು ಓದಿದ.

"ನಾ ಆರಾಮ ಅದೇನಿ. ಅವ್ವನೂ ಆರಾಮ ಅದಾಳ. ಒಂದ ಮೂಲಿಗೆ ಇಷ್ಟ ಅಂಜೂದೇನು ಅಂತ ಕೇಳಿದ್ರಿ. ಬರದ ತಿಳಿಸೂದು ನನಗ ಆಗಲಿಲ್ಲ, ಅದಕ್ಕ ಕತ್ತರಿಸಿ ತಿಳಿಸೇನಿ. ಕರಿಯಾಕ ಬರ್ರಿ. ಪೋಸ್ಟಿನ ದಾವೂದಸಾಬರಿಗೆ ಹೇಳಿ, ನಿಮ್ಮ ಸಲುವಾಗಿ ಮಸಿ ಚೊಲೋತ್ನಾಗಿ ಹಚ್ಚಿಸಿ ಶಿಕ್ಕಾ ಹೊಡಸೇನಿ."

ಹೊಸಿಲ ಮೇಲೆ ಕುಸಿದು ಕುಳಿತು ನಕ್ಕ, ಅತ್ತ, ಮತ್ತೆ ಓದಿದ. ಅಂಗಡಿ ತೆರೆಯಲೂ ಇಲ್ಲ. ನೇರವಾಗಿ ಹುಬ್ಬಳ್ಳಿ ಬಸ್ಸಿಗೆ ಓಡಿದ. ಬಸ್ಸು ಊರು ದಾಟಿದ ಮೇಲಷ್ಟೇ ಅವನಿಗೆ ನೆನಪಾಯಿತು. ಅಯ್ಯೋ, ಶಿಕ್ಕಾ ನೋಡಲೇ ಇಲ್ಲ! ಮುಷ್ಟಿ ಬಿಚ್ಚಿ ಕಾರ್ಡು ತಿರುವಿದ. ಚೊಲೋತ್ನಾಗಿ ಹಚ್ಚಿಸಿದ ಮಸಿ ಬೆವರಿಗೆ ಕಲಸಿಹೋಗಿ, ಯಮನೂರು ಇರಬೇಕಾದ ಜಾಗದಲ್ಲಿ ಶಂಭುಲಿಂಗಪ್ಪನ ಹೆಬ್ಬೆಟ್ಟು ಬಿದ್ದಿತ್ತು!